ನಾಯಕರ ಬೋಳುತಲೆಗೊಂದು ಕಷಾಯ

ಕಾಗೆಗುಡ್ಡದ ಪಾಳೆಯಗಾರ ತಿಮ್ಮರಸ ನಾಯಕರ ಆಸ್ಥಾನದಲ್ಲಿ ಹುಚ್ಚೀರಪ್ಪನಂಥ ಎಂಟೆದೆಯ ಬಂಟ ಇನ್ನೊಬ್ಬನಿರಲಿಲ್ಲ. ಒಮ್ಮೆ ಹುಲಿಯ ಕಿವಿ ಹಿಂಡಿ, ಬೈದು ಕಾಡಿಗೆ ವಾಪಸು ಕಳಿಸಿದ್ದ.

ಸುಳ್ಳು. ಹಲ್ಲಿ ಲೊಚಗುಟ್ಟಿದರೆ ಹೆಂಡತಿಯ ಸೆರಗು ಹಿಡಿಯುವ ಆಸಾಮಿ ಅವನು. ನಾಯಕರನ್ನು ನಗಿಸುವುದು ಅವನ ಕೆಲಸ. ಅವರು ನಗದಿದ್ದರೆ ತಾನೇ ನಕ್ಕು ಜಾಗ ಖಾಲಿ ಮಾಡುವುದು ಅವನ ಪದ್ಧತಿ.

ನಾಯಕರದು ನುಣ್ಣನೆಯ ಬೋಳುತಲೆ. ಒಂದು ದಿನ ಅರಮನೆಯ ವೈದ್ಯ ಮಲ್ಲಾರಿ ಪಂಡಿತರು ಒಂದು ಕೊಪ್ಪರಿಗೆ ಕಷಾಯ ಹೊರಿಸಿಕೊಂಡು ಬಂದರು.

“ಇದು ಹೊಟ್ಟೆಗೆ ಬಿದ್ದರೆ ಗುಂಡುಕಲ್ಲಿನ ಮೇಲೂ ಕೂದಲು ಬರುತ್ತೆ, ಪ್ರಭು!”

“ಯಾರಿಗಾದರೂ ಕುಡಿಸಿ ನೋಡಿದ್ದೀರಾ?”

“ಒಂದು ಆಡಿಗೆ ಕುಡಿಸಿದೆ. ಮೊದಲ ಸಲ ಗಡ್ಡ ಉದುರಿತು.”

“ಎರಡನೇ ಸಲ?”

ಪಂಡಿತರು ಕೆಮ್ಮಿದರು. “ಆಡೇ ಉದುರಿತು. ಆದರೆ ಆಡಿನ ಪ್ರಕೃತಿ ಬೇರೆ, ಮನುಷ್ಯರದು ಬೇರೆ. ನಾಲ್ಕು ಜನಕ್ಕೆ ಕುಡಿಸಿ ನೋಡಿ, ಆಮೇಲೆ ತಮಗೆ ಕೊಡ್ತೀನಿ.”

ನಾಯಕರು ಧರ್ಮಿಷ್ಠರು. “ಬಲವಂತ ಕೂಡದು. ಒಪ್ಪಿದವರಿಗೆ ಮಾತ್ರ ಕುಡಿಸಬೇಕು,” ಎಂದರು. ಊಳಿಗದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಾವೇ ಕೇಳಿದರು. ಹಿಂದೆ ಕಾವಲಿನವರು ಎಂದಿನಂತೆ ಕತ್ತಿ ಹಿರಿದು ನಿಂತಿದ್ದರು.

“ಕೆಂಚಾ, ಕುಡೀತೀಯಾ?”

“ಅಪ್ಪಣೆ, ಬುದ್ಧಿ.” ನೀರು ಹೊರುವ ಕೆಂಚ ಸೊಂಟ ಬಾಗಿಸಿದ.

“ದ್ಯಾವಮ್ಮಾ?”

“ಅಪ್ಪಣೆ, ಬುದ್ಧಿ.” ಕಸ ಗುಡಿಸುವ ದ್ಯಾವಮ್ಮನೂ ಬಾಗಿದಳು.

“ನೀನೇನಪ್ಪಾ, ಹುಚ್ಚೀರಪ್ಪ?”

ಹುಚ್ಚೀರಪ್ಪ ಮನಸ್ಸಿನೊಳಗೆ ಸಿಂಹದಂತೆ ಗರ್ಜಿಸಿದ. ಹೊರಗೆ ಬಂದದ್ದು ಮಾತ್ರ, “ಅಪ್ಪಣೆ, ಬುದ್ಧಿ.”

“ನೋಡಿದಿರಾ ಪಂಡಿತರೇ, ಎಲ್ಲರೂ ಎಷ್ಟು ಸಂತೋಷವಾಗಿ ಒಪ್ಪಿದರು! ನಾಳೆ ಬೆಳಿಗ್ಗೆ ಕುಡಿಸಿ.”

ಸುದ್ದಿ ಕೇಳಿ ಹುಚ್ಚೀರಪ್ಪನ ಹೆಂಡತಿ ನಿಂಗವ್ವ ಸೌಟು ಹಿಡಿದೇ ಆಚೆ ಬಂದಳು. “ಬೇಡ ಅನ್ನೋಕೆ ಬಾಯಿರಲಿಲ್ವಾ ನಿಮಗೆ?”

“ಇತ್ತು ಕಣೇ. ಮನೇಲಿ ಬಿಟ್ಟು ಹೋಗಿದ್ದೆ.”

“ನಾಳೆ ಮರೀದೆ ತಗೊಂಡು ಹೋಗಿ. ಇಲ್ದಿದ್ರೆ ಅಳೋಕೆ ಬಂದವರಿಗೆಲ್ಲ ನಾನು ಅಡುಗೆ ಮಾಡಿ ಹಾಕಬೇಕಾಗುತ್ತೆ.”

ಬೆಳಿಗ್ಗೆ ಕಷಾಯದ ಲೋಟಗಳು ಸಾಲಾಗಿ ಕೂತಿದ್ದವು. ಹುಚ್ಚೀರಪ್ಪ ಕೈಮುಗಿದ. “ಪ್ರಭು, ಇದನ್ನು ಕುಡಿಯುವ ಮುಂಚೆ ನಿಮ್ಮದೊಂದು ಹಾಡು ಕೇಳುವ ಆಸೆ.”

ನಾಯಕರ ಮುಖ ಊರಗಲವಾಯಿತು. ಅವರು ಆಲಾಪ ತೆಗೆದರೆ ಲಾಯದ ಕುದುರೆಗಳು ಹಗ್ಗ ಕಿತ್ತುಕೊಂಡು ಓಡುತ್ತಿದ್ದವು. “ಅದಕ್ಕೇನು! ಹಾಡಲೇ ಅಂದಾಗೆಲ್ಲ ಈ ಜನ ಒಪ್ಪದೇ ಇದ್ದದ್ದೇ ಇಲ್ಲ.”

“ನಿಜ ಪ್ರಭು. ಇವತ್ತು ಮಾತ್ರ ಒಂದು ಅಭಯ ಕೊಟ್ಟು ಕೇಳಿ. ಬೇಡ ಅಂದವರ ತಲೆಗೂ ಕೂಲಿಗೂ ಕೇಡಿಲ್ಲ ಅನ್ನಿ. ಕಾವಲಿನವರು ಬಾಗಿಲಾಚೆ ನಿಲ್ಲಲಿ.”

“ಅಷ್ಟೇನಾ? ನನ್ನಾಣೆಗೂ ಕೊಟ್ಟೆ!” ನಾಯಕರು ಗಂಟಲು ಸರಿಮಾಡಿಕೊಂಡರು. “ಹಾಡಲೇನ್ರಪ್ಪಾ?”

ಕಾವಲಿನವರು ಬಾಗಿಲಾಚೆ ಹೋದದ್ದನ್ನು ಎಲ್ಲರೂ ತಿರುಗಿ ನೋಡಿ ಖಾತ್ರಿ ಮಾಡಿಕೊಂಡರು. ಕೊನೆಗೆ ಹಿಂದಿನಿಂದ ದ್ಯಾವಮ್ಮನ ಸಣ್ಣ ದನಿ: “ಬ್ಯಾಡ, ಬುದ್ಧಿ.”

“ಬ್ಯಾಡ!” ಅಂದ ಕೆಂಚ. ಆಮೇಲೆ ಇಡೀ ಸಭೆ ಕೂಗಿತು. ಪಂಡಿತರೂ ಮೈಮರೆತು “ಬೇಡವೇ ಬೇಡ!” ಅಂದರು. ಬಾಗಿಲಾಚೆಯಿಂದ ಕಾವಲಿನವರದೂ ದನಿ ಸೇರಿತು.

ನಾಯಕರ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಅವರು ದಡ್ಡರಲ್ಲ. ಲೋಟಗಳ ಕಡೆ ನೋಡಿದರು. “ಹಾಗಾದರೆ ನಿನ್ನೆ ನೀವೆಲ್ಲ ಒಪ್ಪಿದ್ದೂ ಇದೇ ತರಹದ ಒಪ್ಪಿಗೆಯೋ? ಈಗ ಹೇಳಿ, ಕಷಾಯ ಕುಡೀತೀರಾ?”

“ಬ್ಯಾಡ!”

“ನೀನು, ಹುಚ್ಚೀರಪ್ಪ?”

ಉಪಾಯ ಹೂಡಿದವನೇ ಅವನು. ಆದರೇನು, ಹುಟ್ಟುಗುಣ ಸುಟ್ಟರೂ ಹೋಗದು. ನಾಯಕರು ಹೆಸರು ಹಿಡಿದು ಕೇಳಿದ್ದೇ ತಡ, ಬಾಯಿ ತೆರೆಯುವ ಮೊದಲೇ ಸೊಂಟ ತಾನಾಗಿ ಬಾಗಿಬಿಟ್ಟಿತು.

ಪಂಡಿತರು ಲೋಟ ಹಿಡಿದು ಹಾರಿ ಬಂದರು. “ಅಭಯ ಸಿಕ್ಕ ಮೇಲೂ ಒಪ್ಪಿದ್ದಾನೆ, ಪ್ರಭು! ಇದು ಅಪ್ಪಟ ಒಪ್ಪಿಗೆ!”

ಲೋಟ ತುಟಿಗೆ ತಾಗಿತು. ಬಾಗಿದಲ್ಲಿಂದಲೇ ಹುಚ್ಚೀರಪ್ಪ ಬಾಯಿಬಿಟ್ಟ:

“ತಡೀರಿ ಪಂಡಿತರೇ. ಒಪ್ಪಿದ್ದು ನನ್ನ ಸೊಂಟ. ಕಷಾಯ ಅದಕ್ಕೇ ಕುಡಿಸಿ. ಬಾಯಿ ಬೇಡ ಅಂತಿದೆ.”

ನಾಯಕರು ನಕ್ಕ ನಗುವಿಗೆ ಬೋಳುತಲೆಯೂ ಕೆಂಪಾಯಿತು. ಕಷಾಯವನ್ನೆಲ್ಲ ತಿಪ್ಪೆಗೆ ಸುರಿಸಿದರು. ಅಲ್ಲಿ ಇವತ್ತಿಗೂ ಹುಲ್ಲು ಹುಟ್ಟಿಲ್ಲವಂತೆ. ಆಮೇಲೆ ಕೈಯಿಂದ ಚಿನ್ನದ ಕಡಗ ಬಿಚ್ಚಿ, “ಭೇಷ್! ತಗೋತೀಯಾ?” ಎಂದರು.

“ಬೇಡ, ಪ್ರಭು!” ಅಂದುಬಿಟ್ಟ ಹುಚ್ಚೀರಪ್ಪ. ಆಗ ತಾನೇ ಕಲಿತ ಮಾತು, ನಾಲಿಗೆಗೆ ರುಚಿ ಹತ್ತಿತ್ತು.

ನಾಯಕರು ಕಡಗ ಮತ್ತೆ ತೊಟ್ಟುಕೊಂಡರು. ಬೇಡ ಅಂದವರಿಗೆ ಬಲವಂತ ಮಾಡಬಾರದಲ್ಲ!

ಆ ಸುದ್ದಿ ಕೇಳಿ ನಿಂಗವ್ವ ಆಡಿದ ಮಾತನ್ನು ನಾಲ್ಕು ಜನ ಕೂತಿರುವ ಹೋಟೆಲಿನಲ್ಲಿ ಹೇಳುವ ಹಾಗಿಲ್ಲ. ಏಳೋಣ. ಚಹಾದ ದುಡ್ಡು ನೀವು ಕೊಟ್ಟುಬಿಡಿ ಸ್ವಾಮಿ, ನನ್ನ ಜೇಬು ತೂತು. ಇಷ್ಟು ಹೊತ್ತು ಹೇಳಿದ್ದರಲ್ಲಿ ಅದೊಂದು ಮಾತ್ರ ಸತ್ಯ.