ಪಟ್ಟಿಯಲ್ಲಿಲ್ಲದ ಕಲ್ಲು

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಸಾವಿರ ಗೀಜಗಗಳು ಕೂಡಿ, ಊರ ಹಕ್ಕಿಗಳಿಗೆಲ್ಲ ಗೂಡು ಕಟ್ಟಿಕೊಡುವ ದೊಡ್ಡ ಕಂಪನಿ ನಡೆಸುತ್ತಿದ್ದವು. ಗೂಡು ಪರೀಕ್ಷಿಸುವ ಕೆಲಸ ಕಲಿಯಲು ಗುಬ್ಬಿಯೊಂದು ಅಲ್ಲಿಗೆ ಸೇರಿತು. ಹಿರಿಯ ಪರೀಕ್ಷಕನಾದ ಗೊರವಂಕ ಅದಕ್ಕೊಂದು ಪಟ್ಟಿ ಕೊಟ್ಟಿತು. "ಬಾಗಿಲಿದೆಯೇ, ಬಣ್ಣ ಹಸಿರೇ, ಗಾಳಿಗೆ ತೂಗುತ್ತದೆಯೇ, ಇಷ್ಟು ನೋಡಿ ಪಾಸ್ ಅಂತ ಗುರುತು ಹಾಕು."

ಗುಬ್ಬಿ ಒಂದು ಗೂಡಿನಲ್ಲಿ ಮೂರನ್ನೂ ನೋಡಿತು. ಆಮೇಲೆ ಏನನ್ನಿಸಿತೋ, ಮೊಟ್ಟೆ ಗಾತ್ರದ ಕಲ್ಲೊಂದನ್ನು ತಂದು ಗೂಡಿನೊಳಗೆ ಇಟ್ಟಿತು. ಕಲ್ಲು ತಳ ಹರಿದುಕೊಂಡು ನೇರ ಬಾವಿಗೆ ಬಿತ್ತು. ಇನ್ನೊಂದು ಕಲ್ಲನ್ನು ಪಕ್ಕದ ಗೂಡಿನಲ್ಲಿಟ್ಟರೆ ಅಲ್ಲೂ ಅದೇ ಗತಿ.

"ಸ್ವಾಮಿ, ತಳವೇ ಗಟ್ಟಿಯಿಲ್ಲ! ನಮ್ಮಕ್ಕ ನಾಳೆ ಇಂಥದರಲ್ಲೇ ಮೊಟ್ಟೆ ಇಡುತ್ತಾಳೆ!"

"ಕಲ್ಲು ಹಾಕು ಅಂತ ಪಟ್ಟಿಯಲ್ಲಿ ಎಲ್ಲಿದೆ?" ಗೊರವಂಕ ಗದರಿತು. "ಮೂರು ವರ್ಷದಿಂದ ಒಂದು ಗೂಡೂ ಫೇಲ್ ಆಗಿಲ್ಲ. ನೀನು ಬಂದ ದಿನವೇ ಎರಡನ್ನು ಹಾಳುಮಾಡಿದೆ!"

ಗುಬ್ಬಿ ಮೆಲ್ಲಗೆ ಕೇಳಿತು: "ತಮ್ಮ ಮರಿಗಳು ಇವುಗಳಲ್ಲಿ ಯಾವ ಗೂಡಿನಲ್ಲಿವೆ, ಸ್ವಾಮಿ?"

"ಇವುಗಳಲ್ಲೇ? ನಿನಗೇನು ತಲೆ ಕೆಟ್ಟಿದೆಯೇ?" ಎಂದಿತು ಗೊರವಂಕ. "ನನ್ನ ಮರಿಗಳು ಆಚೆ ಮಾವಿನ ಮರದ ಪೊಟರೆಯಲ್ಲಿ ಬೆಚ್ಚಗಿವೆ."