ಸೀಟಿನ ಮೇಲಿನ ಕಾಫಿ

ಕೃಷ್ಣಾ ಹೊಳೆಯಿಂದ ಬಹಳ ದೂರದಲ್ಲಿ, ಒಂದು ಗುಡ್ಡದ ಮೇಲೆ ಆಶ್ರಮವಿತ್ತು. ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಸಂಗನಬಸು ಒಂದು ಹರಕೆ ಹೊತ್ತಿದ್ದ. ತಾಯಿ ಜ್ವರ ಬಿಟ್ಟು ಎದ್ದರೆ, ಸೈಕಲ್ ತುಳಿದು, ಸ್ವಂತ ಬಲದಿಂದಲೇ ಹೊಳೆಯ ನೀರು ತಂದು ಆಶ್ರಮದ ಗುಡಿಯ ಲಿಂಗಕ್ಕೆ ಎರೆಯುವೆನೆಂದು.

ತಾಯಿ ಎದ್ದಳು. ಅವನು ನೀರು ತಂದ.

ಆದರೆ ಗುಡಿಯೊಳಗೆ ಹೋಗಲಿಲ್ಲ. ನೀರಿನ ಗಿಂಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಹೊರಗೇ ಕೂತ.

ಅಜ್ಜಾರು ಹೊರಗೆ ಬಂದರು.

“ಯಾಕೋ? ಶಿವ ಬಾಯಾರಿ ಕುಂತಾನ, ನೀ ಇಲ್ಲಿ ಕುಂತೀಯಲ್ಲ?”

“ಹರಕಿ ಕೆಟ್ಟೈತ್ರಿ, ಅಜ್ಜಾರ.”

“ನೀರು ಚೆಲ್ಲಿತೇನು?”

“ಇಲ್ರಿ. ಕಾಫಿ ಕುಡದೆ.”

“ಕುಡದರೇನಾತು?”

“ಅರ್ಧ ದಾರಿಗೇ ಕಾಲು ಸೋತವ್ರಿ. ಕಾಫಿ ಕುಡಿದು, ತುಸು ತಡೆದು ತುಳಿದರ ಬೇಗ ದಣಿವಾಗಂಗಿಲ್ಲ ಅಂತ ಸೈಕಲ್ ರೇಸಿನ ಹುಡುಗರು ಹೇಳತಿದ್ರು. ಕುಡದೆ. ಖರೇನ ಗುಡ್ಡ ಹತ್ತಿಬಿಟ್ಟೆ. ಹತ್ತಿಸಿದ್ದು ಕಾಫಿರಿ, ನಾ ಅಲ್ಲ. ಹರಕಿ ತಪ್ಪಿತಂತ ಅವ್ವಗ ಮತ್ತ ಜ್ವರ ಬಂದರ?”



ಅಜ್ಜಾರು ಅಡುಗೆಮನೆಗೆ ಹೋಗಿ ಒಂದು ಲೋಟ ಬಿಸಿ ಕಾಫಿ ತಂದರು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಲೋಟವನ್ನು ಬೀಳದಂತೆ ಇಟ್ಟರು. ಆಮೇಲೆ ಶಿಷ್ಯನ ಪಕ್ಕದಲ್ಲೇ ಬಂದು ಕೂತರು.

“ಏನ್ ಮಾಡಾಕತ್ತೀರಿ, ಅಜ್ಜಾರ?”

“ಸುಮ್ಮನಿರು. ಈ ಕಾಫಿ ಇನ್ನೊಂದು ಗಿಂಡಿ ನೀರು ತರ್ತದೇನೋ ನೋಡೂಣು.”

ಇಬ್ಬರೂ ನೋಡುತ್ತ ಕೂತರು. ಕಾಫಿಯ ಹಬೆ ಆರಿತು. ಸೈಕಲ್ ಅಲ್ಲಾಡಲಿಲ್ಲ. ಒಂದು ನೊಣ ಹಾರಿ ಬಂದು ಲೋಟದ ಅಂಚಿಗೆ ಕೂತಿತು.

“ಹಾಂ, ಸವಾರ ಬಂದ,” ಎಂದರು ಅಜ್ಜಾರು.

ಸಂಗನಬಸುವಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ಹಂಗಾರ ಹತ್ತಿದಾವ ನಾನ ಅಲ್ಲೇನ್ರಿ! ಎಲ್ಲಾ ನನ್ನ ಬಲಾನ!”

“ಮುಂಜಾನೆ ಏನು ತಿಂದು ಹೊಂಟಿದ್ದಿ?”

“ಅವ್ವ ಬಡದುಕೊಟ್ಟ ರೊಟ್ಟಿರಿ.”

“ರೊಟ್ಟಿ ಬಡಿಯುವಷ್ಟು ಗಟ್ಟಿಯಾಗ್ಯಾಳ, ಬಿಡು. ಗಾಳಿ ಯಾವ ಕಡೆಯಿಂದಿತ್ತು?”

“ಬೆನ್ನ ಹಿಂದಿಂದರಿ.”



ಸಂಗನಬಸು ತಲೆ ಕೆರೆದುಕೊಂಡ. “ಹಂಗಾದ್ರ ರೊಟ್ಟಿದೆಷ್ಟು, ಗಾಳಿದೆಷ್ಟು, ಕಾಫಿದೆಷ್ಟು? ಇದರಾಗ ನಂದೆಷ್ಟ್ರಿ, ಅಜ್ಜಾರ?”

ಅಜ್ಜಾರು ಗಿಂಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರು. ಅವನ ತೋಳು ಹಿಡಿದು ಎಬ್ಬಿಸಿ ಗುಡಿಯ ಕಡೆ ತಿರುಗಿಸಿದರು.

“ಶಿವ ಕೇಳಿದ್ದು ನೀರು, ಮಗನ. ನೀ ಲೆಕ್ಕ ಎರಿಯಾಕ ಹೊಂಟೀಯಲ್ಲ.”