ಮೂರನೇ ತುಂಡು

ಒಬ್ಬ ಮನುಷ್ಯನ ಯಕೃತ್ತಿನ ಜೀವಕೋಶದಲ್ಲಿ ಒಂದು ಕತ್ತರಿ ಕೆಲಸಕ್ಕಿತ್ತು. ಜೀನಿನ ಮೂಲಪ್ರತಿಯನ್ನು ಅದು ಮುಟ್ಟುವಂತಿರಲಿಲ್ಲ. ಅದರ ನಕಲು ಬಂದಾಗ, ದೇಹ ಬರೆದು ಕಳಿಸಿದ ಚೀಟಿ ನೋಡಿ, ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದವನ್ನು ಜೋಡಿಸಬೇಕಿತ್ತು. ಒಂದೇ ನಕಲಿನಿಂದ ಮಿದುಳಿನಲ್ಲಿ ಒಂದು ಪ್ರೋಟೀನ್ ಆದರೆ ಇಲ್ಲಿ ಇನ್ನೊಂದು. ಇಪ್ಪತ್ತು ಸಾವಿರ ಜೀನುಗಳಲ್ಲೇ ಅಷ್ಟೊಂದು ಬಗೆಯ ಪ್ರೋಟೀನ್ ಮಾಡಿಕೊಂಡು ಮನುಷ್ಯ ಮೆರೆಯುವುದು ಈ ಜುಗ್ಗತನದಿಂದಲೇ.

ಕೋಶಕ್ಕೆ ವಯಸ್ಸಾಯಿತು. 'ಮೂರನೇ ತುಂಡು ಬೇಡ' ಎಂದು ಚೀಟಿ ಬಂತು.

"ಕತ್ತರಿಯಮ್ಮ, ಮಿದುಳಿನಲ್ಲಿ ನನ್ನನ್ನು ಕೈಬಿಡುವುದೇ ಇಲ್ಲವಂತೆ. ಇಲ್ಲಿ ನಾನೇನು ತಪ್ಪು ಮಾಡಿದೆ?" ಎಂದಿತು ಮೂರನೇ ತುಂಡು.

"ತಪ್ಪೇನಿಲ್ಲ ಮಗು. ನೀನು ಸೇರಿದರೆ ಕೋಶಕ್ಕೆ 'ಬದುಕು' ಎನ್ನುವ ಪ್ರೋಟೀನ್ ಆಗುತ್ತದೆ. ನೀನಿಲ್ಲದಿದ್ದರೆ 'ಬಾಳಿದ್ದು ಸಾಕು, ಸಾಯಿ' ಎನ್ನುವುದು."

"ಕೋಶ ಸತ್ತರೆ ನೀವೂ ಹೋಗುತ್ತೀರಿ. ಅದನ್ನೂ ಓದಿದಿರಾ?"

ಕತ್ತರಿ ಯಾವ ಚೀಟಿಯನ್ನೂ ಅಷ್ಟು ದೂರ ಓದಿರಲಿಲ್ಲ. ಅದಕ್ಕೆ ತುಂಡಿನ ಮೇಲೆ ಎಲ್ಲಿಲ್ಲದ ಕನಿಕರ ಹುಟ್ಟಿತು. ಚೀಟಿಯನ್ನು ಪಕ್ಕಕ್ಕಿಟ್ಟು, ತುಂಡನ್ನು ಉಳಿಸಿಕೊಂಡಿತು.

ಕೋಶ ಸಾಯಲಿಲ್ಲ. ಎರಡಾಯಿತು, ನಾಲ್ಕಾಯಿತು, ಕೊನೆಗೆ ಗಡ್ಡೆಯಾಯಿತು. ಪ್ರತಿ ಕೋಶದಲ್ಲೂ ಅಂಥದೇ ಕತ್ತರಿ, ಅದೇ ಕನಿಕರ.

"ನೋಡಿದಿರಾ, ನಾವೀಗ ಎಷ್ಟು ಜನ" ಎಂದು ತುಂಡು ಬೀಗಿತು.

ವರ್ಷ ತುಂಬುವುದರೊಳಗೆ ಆ ಮನುಷ್ಯನ ಉಸಿರು ನಿಂತಿತು.

"ಈಗೇನು ಮಾಡೋಣ ಅಮ್ಮ?" ಎಂದಿತು ತುಂಡು.

ಕತ್ತರಿ ಮೊದಲಿನ ವಿಧೇಯತೆಯಿಂದ ಚೀಟಿಗಾಗಿ ಕಾದು ಕುಳಿತಿತು. ಬರೆಯುವವರು ಯಾರೂ ಉಳಿದಿರಲಿಲ್ಲ.